ನಾವೇ ಚಾಂಪಿಯನ್ನರೆಂದು ಬರೆದುಕೊಂಡ ವರ್ಷ

ಗೂಡುದೀಪ ಹುಡುಕಲು ಗರಾಜಿಗೆ ಹೋದವಳಿಗೆ ಚೆಂಡು ಸಿಕ್ಕಿತು. ದೀಪಾವಳಿ ಹತ್ತಿರ ಬಂದಿತ್ತು. ನನ್ನ ಗಂಡ ಸದಾನಂದರು ಪ್ರತಿ ವರ್ಷ ಗೂಡುದೀಪವನ್ನು ಯಾವುದೋ ಡಬ್ಬದಲ್ಲಿ ತುಂಬಿಟ್ಟು, ಮುಂದಿನ ವರ್ಷ ಅದೆಲ್ಲಿದೆ ಎಂದು ನನ್ನನ್ನೇ ಕೇಳುತ್ತಾರೆ. ಡಬ್ಬಗಳನ್ನು ಒಂದೊಂದಾಗಿ ಇಳಿಸಿ ನೋಡುತ್ತಿದ್ದಾಗ, ಹಳೆಯ ಟವೆಲೊಂದರ ಕೆಳಗೆ ಮೊಟ್ಟೆಯಾಕಾರದ ಆ ಕಂದು ಚೆಂಡು ಕುಳಿತಿತ್ತು. ಎತ್ತಿ ಮೂಸಿದೆ. ಚರ್ಮ, ಹಸಿ ಹುಲ್ಲು, ಬೆವರು, ಮಳೆಗೆ ನೆನೆದು ಒಣಗಿದ ದಾರ. ನನ್ನ ಎರಡೂ ಕೈಗಳು ತಾವಾಗಿಯೇ ಎದೆಯ ಮಟ್ಟಕ್ಕೆ ಬಂದು, ಬೆರಳು ಬಿಡಿಸಿ ನಿಂತವು. ಗರಾಜಿನಲ್ಲಿ ಒಬ್ಬಳೇ ನಿಂತು ನಕ್ಕೆ.

ಆ ಚೆಂಡಿನ ವರ್ಷ ನಾವು ಚಾಂಪಿಯನ್ನರು. ಹಾಗೆಂದು ಯಾರು ಹೇಳಿದ್ದು ಎಂದು ಕೇಳುವವರು ಇದ್ದಾರೆ. ನಾನು ಹೇಳಿದ್ದು. ನಗುವವರು ನಗಬಹುದು, ಆದರೆ ಈ ದೇಶದ ಕಾಲೇಜು ಫುಟ್‌ಬಾಲಿನ ಚರಿತ್ರೆ ತಿಳಿದವರು ಯಾರೂ ನಗುವುದಿಲ್ಲ.

ನಾವಿರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಡೆಯ ಡ್ಯಾನ್‌ವಿಲ್‌ನಲ್ಲಿ. ಸದಾನಂದರು ದಿನವೂ ಸೇತುವೆ ದಾಟಿ ಸ್ಯಾನ್ ಮಟಿಯೋದ ಆಫೀಸಿಗೆ ಹೋಗುತ್ತಾರೆ. ನಮ್ಮ ಒಬ್ಬನೇ ಮಗ ನಿಹಾಲ್ ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದ. ಕಾಲೇಜಿನ ಹೆಸರು ಬರೆಯಬಾರದೆಂದು ಅವನ ಅಪ್ಪಣೆಯಾಗಿದೆ. ಇಲ್ಲೇ, ಕಾರಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಇದೆ ಎಂದಷ್ಟೇ ಹೇಳಿ ಬಿಡುತ್ತೇನೆ. ಓದುತ್ತಿದ್ದದ್ದು ಕಂಪ್ಯೂಟರು. ಆದರೆ ಅವನು ಯಾರು ಎಂದು ಕೇಳಿದರೆ ಅವನ ಉತ್ತರ ಒಂದೇ, "ಐ ಆಮ್ ಎ ಲಾಂಗ್ ಸ್ನ್ಯಾಪರ್."

ನಮ್ಮವರಿಗೆ ಇದನ್ನು ಬಿಡಿಸಿ ಹೇಳದೆ ಉಪಾಯವಿಲ್ಲ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕಾಲಿನಿಂದ ಒದೆಯುವ ಸಂದರ್ಭಗಳು ಕಡಿಮೆ. ಒದೆಯಬೇಕಾದಾಗ ಒಬ್ಬ ಬಗ್ಗಿ ನಿಂತು ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ, ದೂರದಲ್ಲಿ ಕಾದಿರುವವನ ಕೈಗೆ ಹಾರಿಸಬೇಕು. ಹಾರಿಸಿದ ಕ್ಷಣವೇ ಎದುರಿನ ದಾಂಡಿಗರು ಅವನ ಮೇಲೆ ಬೀಳುತ್ತಾರೆ. ಚೆಂಡು ಸರಿಯಾಗಿ ಹೋದರೆ ಅವನು ಇದ್ದನೆಂಬುದೇ ಯಾರಿಗೂ ತಿಳಿಯುವುದಿಲ್ಲ. ತಪ್ಪಿದರೆ ಟೀವಿಯಲ್ಲಿ ತಿರುಗಿಸಿ ತಿರುಗಿಸಿ ತೋರಿಸುತ್ತಾರೆ. ನನ್ನ ಮಗ ಸ್ಕಾಲರ್‌ಶಿಪ್ಪು ಇಲ್ಲದೆ, ಯಾರೂ ಕರೆಯದೆ, ತಾನಾಗಿ ಹೋಗಿ ತಂಡ ಸೇರಿದ್ದು ಈ ಕೆಲಸಕ್ಕೆ.

ಅವನು ಹೈಸ್ಕೂಲಿನಲ್ಲಿ ಇದನ್ನು ಶುರು ಮಾಡಿದಾಗ ಹಿಂದೆ ನಿಂತು ಹಿಡಿಯುವವರು ಬೇಕಿತ್ತು. ಸದಾನಂದರಿಗೆ ಸೊಂಟ ನೋವು, ಮೀಟಿಂಗು, ಮತ್ತು ಆ ಆಟದ ಮೇಲೆ ಒಂದು ಬಗೆಯ ಕೋಪ. ಹಾಗಾಗಿ ಹಿತ್ತಿಲಿನಲ್ಲಿ ಹಿಡಿಯಲು ನಿಂತವಳು ನಾನು. ಮೊದಲ ಚೆಂಡು ಸುಂಯ್ ಎಂದು ತಿರುಗುತ್ತ ಬಂದಾಗ ನಿಹಾಲ್ "ಅಮ್ಮಾ, ಮೂವ್!" ಎಂದು ಕಿರುಚಿದ. ನಾನು ಸರಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದೆ, ಹಿಡಿದ ಉಸಿರಿನಲ್ಲೇ ಅವನಿಗೆ ತಿರುಗಿ ಎಸೆದೆ. ಅವನು ಬಾಯಿ ತೆರೆದುಕೊಂಡು ನೋಡುತ್ತ ನಿಂತುಬಿಟ್ಟ.

ಉಡುಪಿಯ ಕಾಲೇಜಿನಲ್ಲಿ ನಾನು ಥ್ರೋಬಾಲ್ ಆಡುತ್ತಿದ್ದೆ. ನಮ್ಮ ಕಡೆಯ ಹುಡುಗಿಯರ ಆಟ ಅದು. ಚೆಂಡು ಬಂದರೆ ಎರಡೂ ಕೈಯಲ್ಲಿ ಗಟ್ಟಿ ಹಿಡಿಯಬೇಕು, ಕೈಯಲ್ಲಿ ಕುಣಿಯಕೂಡದು, ಮೈಗೆ ತಾಗಕೂಡದು, ಹಿಡಿದದ್ದನ್ನು ಆಗಲೇ ಬಿಡಬೇಕು. ನಮ್ಮ ಪೀಟಿ ಟೀಚರು "ಹಿಡಿದ ಮೇಲೆ ಯೋಚನೆ ಮಾಡುವವಳು ಹೊರಗೆ ಬಾ" ಎಂದು ಗದರುತ್ತಿದ್ದರು. ಆ ಗದರಿಕೆ ಇಷ್ಟು ವರ್ಷಗಳ ನಂತರ ಈ ಊರಿನ ಹಿತ್ತಿಲಿನಲ್ಲಿ ಕೆಲಸಕ್ಕೆ ಬಂತು. ನಿಹಾಲ್ ಕಾಲೇಜಿಗೆ ಹೋದ ಮೇಲೂ, ಶನಿವಾರ ಆಟ ಮುಗಿಸಿ ಭಾನುವಾರ ಮನೆಗೆ ಬಂದನೆಂದರೆ ನೀರುದೋಸೆ ತಿಂದು ಇಬ್ಬರೂ ಹಿತ್ತಿಲಿಗೆ ಇಳಿಯುವುದು ರೂಢಿಯಾಯಿತು. ನನ್ನ ಹೆಬ್ಬೆರಳು ಊದಿಕೊಂಡೇ ಇರುತ್ತಿತ್ತು. ಆಫೀಸಿನಲ್ಲಿ ಕೇಳಿದವರಿಗೆ ತೆಂಗಿನಕಾಯಿ ಒಡೆಯುವಾಗ ಪೆಟ್ಟಾಯಿತು ಎನ್ನುತ್ತಿದ್ದೆ.

ಆ ವರ್ಷದ ಸೆಪ್ಟೆಂಬರು ಬಿಸಿಲಿನದ್ದು. ಗುಡ್ಡಗಳೆಲ್ಲ ಹುರಿದ ರವೆಯ ಬಣ್ಣಕ್ಕೆ ತಿರುಗಿದ್ದವು. ಅಕ್ಟೋಬರಿನಲ್ಲಿ ಎಲ್ಲೋ ಕಾಡು ಹೊತ್ತಿ, ಆಕಾಶ ಮಾಸಿ, ಒಂದೆರಡು ಭಾನುವಾರ ನಾವು ಮಾಸ್ಕು ಹಾಕಿಕೊಂಡು ಚೆಂಡು ಹಿಡಿದೆವು. ತಂಡದ ಸ್ಥಿತಿ ಅತ್ತ ಚೆನ್ನಾಗಿಯೂ ಇರಲಿಲ್ಲ, ಇತ್ತ ಕೆಟ್ಟೂ ಇರಲಿಲ್ಲ. ಒಂದು ವಾರ ಗೆಲ್ಲುವುದು, ಒಂದು ವಾರ ಸೋಲುವುದು. ಹನ್ನೆರಡು ಆಟಗಳಲ್ಲಿ ಆರು ಗೆದ್ದರೆ ಬೌಲ್ ಆಟಕ್ಕೆ ಅರ್ಹತೆ. ಬೌಲ್ ಎಂದರೆ ಋತು ಮುಗಿದ ಮೇಲೆ, ಡಿಸೆಂಬರಿನಲ್ಲೋ ಹೊಸ ವರ್ಷಕ್ಕೋ ಬೇರೆ ಊರಿಗೆ ಕರೆಸಿಕೊಂಡು ಆಡಿಸುವ ಒಂದು ಹೆಚ್ಚಿನ ಆಟ. ನಿಹಾಲ್ ಸೇರಿದ ಮೇಲೆ ಅವರ ತಂಡಕ್ಕೆ ಒಮ್ಮೆಯೂ ಆ ಭಾಗ್ಯ ಬಂದಿರಲಿಲ್ಲ. ಅವನಿಗೆ ಇದು ಕೊನೆಯ ವರ್ಷ. ಅವನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವನಿಗೆ ಬೇಕಾಗಿದ್ದದ್ದು ಅದೊಂದೇ ಎಂದು ನನಗೆ ಗೊತ್ತಿತ್ತು.

ಇದೇ ಸಮಯಕ್ಕೆ ನಮ್ಮ ಕನ್ನಡ ಕೂಟದ ಪ್ರತಿಭಾ ಪುರಸ್ಕಾರದ ಮಾತು ಬಂತು. ರಾಜ್ಯೋತ್ಸವ ನವೆಂಬರು ಒಂದಕ್ಕೆ ಎಂಬುದು ಊರಿನ ಲೆಕ್ಕ. ಇಲ್ಲಿ ಹಾಲ್ ಸಿಕ್ಕಿದ ದಿನವೇ ರಾಜ್ಯೋತ್ಸವ, ಆ ವರ್ಷ ಸರಟೋಗಾದ ಶಾಲೆಯೊಂದರಲ್ಲಿ ಡಿಸೆಂಬರಿಗೆ ಸಿಕ್ಕಿತ್ತು. ಓದಿನಲ್ಲಿ ಮುಂದಿರುವವರಿಗೆ, ಹಾಡುವವರಿಗೆ, ಭರತನಾಟ್ಯದವರಿಗೆ ಶಾಲು, ಫಲಕ ಎಲ್ಲ ಉಂಟು. ಕೂಟದ ಅಧ್ಯಕ್ಷರು ಹುಬ್ಬಳ್ಳಿಯ ಪಾಟೀಲರು. ದೊಡ್ಡ ದನಿ, ದೊಡ್ಡ ಮನಸ್ಸು, ಊಟಕ್ಕೆ ಕರೆದರೆ ಕೈತೊಳೆಯಲು ಬಿಡದ ಮನುಷ್ಯ. ನಾನು ಫೋನು ಮಾಡಿ, ಈ ಸಲ ನಿಹಾಲನ ಹೆಸರನ್ನೂ ನೋಡಿ ಎಂದೆ.

"ನಿಹಾಲಾ? ಭಾಳ ಶಾಣ್ಯಾ ಹುಡುಗ ಬಿಡ್ರಿ. ಯಾವ ಕಂಪನ್ಯಾಗ ಸೆಲೆಕ್ಟ್ ಆತು?"

"ಕಂಪೆನಿ ಅಲ್ಲ ಪಾಟೀಲರೇ. ಫುಟ್‌ಬಾಲಿಗೆ. ಕಾಲೇಜು ಟೀಮಿನಲ್ಲಿ ಇದ್ದಾನಲ್ಲ."

ಅವರು ನಕ್ಕರು. ಕೆಟ್ಟ ನಗುವಲ್ಲ, ಆದರೂ ನನಗೆ ಉರಿಯಿತು.

"ಅಕ್ಕಾರ, ನೀವ ಹೇಳ್ರಿ. ಬಗ್ಗಿ ನಿಂತು ಕಾಲಾಗಿಂದ ಚೆಂಡ ಹಿಂದಕ್ಕ ಒಗಿಯೋದಕ್ಕ ಏನಂತ ಪ್ರಶಸ್ತಿ ಕೊಡೂಣು? ಸ್ಟೇಜ್ ಮ್ಯಾಲೆ ನಾ ಏನಂತ ಓದ್ಲಿ?"

"ಕಣ್ಣಿಲ್ಲದ ಕಡೆಗೆ ಗುರಿ ಇಡ್ತಾನೆ ಅಂತ ಓದಿ."

"ಆತ್ರಿ, ಆತ್ರಿ. ಬೌಲು ಗೀಲು ಏನರ ಆಡ್ಲಿ, ಆಮ್ಯಾಲ ನೋಡೂಣು."

ಫೋನಿಟ್ಟು ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಸದಾನಂದರು ಅವರದೇ ಪಕ್ಷ. "ಪಾಟೀಲರು ಹೇಳಿದ್ರಲ್ಲಿ ತಪ್ಪೆಂತ ಉಂಟು ಶಶಿ? ಅವನ ಜೊತೆಯವರೆಲ್ಲ ಇಂಟರ್ನ್‌ಶಿಪ್ ಮಾಡಿ ಕೆಲಸ ಹಿಡಿದಾಯ್ತು. ಇವನು ಪ್ರತಿ ಶನಿವಾರ ಪೆಟ್ಟು ತಿನ್ನಲಿಕ್ಕೆ ಹೋಗ್ತಾನೆ" ಎಂದರು. ಅವರು ಅದುವರೆಗೆ ಮಗನ ಒಂದು ಆಟಕ್ಕೂ ಬಂದಿರಲಿಲ್ಲ.

ಹಿತ್ತಿಲಿಗೆ ಹೋದೆ. ಬೇಲಿಯಾಚೆ ಡೋರಿಸ್ ತನ್ನ ಪರ್ಸಿಮನ್ ಮರದ ಹಣ್ಣು ಕೀಳುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಶನಿವಾರವಿಡೀ ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತ ತೋಟದ ಕೆಲಸ ಮಾಡುವವಳು. ಮಾತಾಡಿದ್ದು ಇಂಗ್ಲಿಷಿನಲ್ಲೇ, ನನಗೆ ನೆನಪಿರುವುದು ನನ್ನ ಕನ್ನಡದಲ್ಲಿ. ನನ್ನ ಮುಖ ನೋಡಿ ಏನಾಯಿತು ಎಂದಳು. ಹೇಳಿದೆ. ಅವಳು ಹಣ್ಣಿನ ಬುಟ್ಟಿ ಕೆಳಗಿಟ್ಟು, ಬೇಲಿಗೆ ಒರಗಿ ನಿಂತಳು.

"ಪ್ರಶಸ್ತಿಯೇ? ಈ ಆಟದಲ್ಲಿ ಚಾಂಪಿಯನ್ ಯಾರೆಂದು ಆಡಿ ತೀರ್ಮಾನ ಮಾಡುತ್ತಿದ್ದರು ಅಂದುಕೊಂಡೆಯಾ?"

ಹಾಗಂದುಕೊಂಡಿದ್ದೆ. ಬೇರೆ ಹೇಗೆ ಮಾಡುತ್ತಾರೆ?

"ಓಟು ಹಾಕುತ್ತಿದ್ದರು!" ಎಂದಳು. ಪತ್ರಿಕೆಗಳಲ್ಲಿ ಬರೆಯುವವರು ಒಂದು ಕಡೆ ಓಟು ಹಾಕುವುದು, ಕೋಚುಗಳು ಇನ್ನೊಂದು ಕಡೆ. ಇಬ್ಬರ ಓಟೂ ಕೂಡದೆ ಹೋದರೆ ಆ ವರ್ಷ ಇಬ್ಬರು ಚಾಂಪಿಯನ್ನರು, ಇಬ್ಬರೂ ಟ್ರೋಫಿ ಇಟ್ಟುಕೊಳ್ಳುವುದು. ಬಹುಕಾಲ ಆ ಓಟು ಬೌಲ್ ಆಟಗಳಿಗೆ ಮೊದಲೇ ಮುಗಿದುಹೋಗುತ್ತಿತ್ತಂತೆ. ಚಾಂಪಿಯನ್ ಎಂದು ಕರೆಸಿಕೊಂಡ ತಂಡ ಆಮೇಲೆ ಬೌಲಿಗೆ ಹೋಗಿ ಸೋತು ಬಂದರೂ ಚಾಂಪಿಯನ್ನೇ. ಚಾಂಪಿಯನ್ನರನ್ನು ಆರಿಸಲು ಕೊನೆಗೆ ನಾಲ್ಕು ತಂಡ ಆಡಿಸುವುದು, ಹನ್ನೆರಡು ತಂಡ ಆಡಿಸುವುದು ಎಲ್ಲ ಮೊನ್ನೆ ಮೊನ್ನೆಯದು. ಇನ್ನೂ ಮಜವೆಂದರೆ, ಎಷ್ಟೋ ವರ್ಷ ಕಳೆದ ಮೇಲೆ ಯಾರೋ ಲೆಕ್ಕ ಹಾಕಿ, ಇಂಥ ಹಳೆಯ ವರ್ಷಕ್ಕೆ ಇಂಥ ತಂಡ ಮೇಲು ಎಂದದ್ದುಂಟು. ಕಾಲೇಜುಗಳು ಅದನ್ನೇ ಹಿಡಿದುಕೊಂಡು ಸ್ಟೇಡಿಯಮ್ಮಿನ ಗೋಡೆಯ ಮೇಲೆ ಆ ವರ್ಷವನ್ನೂ ಬರೆಸಿಬಿಡುತ್ತವೆ. ಅದು ಸುಳ್ಳು ಎಂದು ಅಳಿಸಲು ಬರುವ ಅಧಿಕಾರಿ ಯಾರೂ ಇಲ್ಲ.

ಬೌಲಿನ ಕತೆ ಇನ್ನೂ ಚೆಂದ. ಲಾಸ್ ಏಂಜಲೀಸಿನ ಬದಿಯ ಊರಿನವರು ಹೊಸ ವರ್ಷದ ಹೂವಿನ ಮೆರವಣಿಗೆಗೆ ಜನ ಸೇರಲೆಂದು ಒಂದು ಆಟ ಇಟ್ಟರು. ಸೋಲು ಎಷ್ಟು ದೊಡ್ಡದಾಯಿತೆಂದರೆ ಸೋಲುತ್ತಿದ್ದ ತಂಡ ಮುಗಿಯುವ ಮೊದಲೇ ಕೈಮುಗಿಯಿತು, ಅದು ನಮ್ಮ ಈ ಕೊಲ್ಲಿಯ ಕಡೆಯ ತಂಡವೇ. ಇದರ ಸಹವಾಸ ಬೇಡವೆಂದು ಊರಿನವರು ಆಮೇಲೆ ಕೆಲವು ವರ್ಷ ಫುಟ್‌ಬಾಲಿನ ಬದಲು ಕುದುರೆ ಕಟ್ಟಿದ ರಥಗಳ ಓಟ ನಡೆಸಿದರಂತೆ. ನಾನು ಬಿದ್ದು ಬಿದ್ದು ನಕ್ಕೆ. ಈಗ ಬೌಲುಗಳಿಗೆ ಬರವಿಲ್ಲ. ಆಲೂಗಡ್ಡೆಯ ಹೆಸರಿನದೂ ಒಂದು ಉಂಟು. ಅತ್ಯುತ್ತಮ ಆಟಗಾರನಿಗೆಂದು ಕೊಡುವ, ಕೈಚಾಚಿ ಎದುರಾಳಿಯನ್ನು ತಳ್ಳುತ್ತಿರುವ ಆ ಕಂಚಿನ ಗೊಂಬೆ ಕೂಡ ಸುಮಾರಾಗಿ ಚೆಂಡು ಎಸೆಯುವವನಿಗೋ ಓಡುವವನಿಗೋ ಹೋಗುತ್ತದೆ. ಸ್ನ್ಯಾಪರುಗಳಿಗೂ ಒಂದು ಪ್ರಶಸ್ತಿ ಇರಲಿ ಎಂದು ಈ ದೇಶಕ್ಕೆ ತೋರಿದ್ದು ಉಳಿದವರಿಗೆಲ್ಲ ಹಂಚಿಯಾದ ಮೇಲೆ, ತೀರ ಈಚೆಗೆ.

ಆಮೇಲೆ ಡೋರಿಸ್ ದನಿ ತಗ್ಗಿಸಿದಳು. ಅವಳು ಹುಟ್ಟಿ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಅಲ್ಲಿನ ಸಣ್ಣ ಕಾಲೇಜೊಂದರ ಆಟ ನೋಡುತ್ತಿದ್ದಳು. ಒಂದು ವರ್ಷ ಆ ಹುಡುಗರು ಒಂದು ಆಟವನ್ನೂ ಸೋಲಲಿಲ್ಲ. ದಕ್ಷಿಣದ ಕಡೆಯ ಬೌಲಿಗೆ ಕರೆಯಬಹುದು, ಆದರೆ ನಿಮ್ಮ ತಂಡದಲ್ಲಿರುವ ಕಪ್ಪು ಜನಾಂಗದ ಇಬ್ಬರನ್ನು ಮನೆಯಲ್ಲಿ ಬಿಟ್ಟು ಬರಬೇಕು ಎಂಬ ಮಾತು ಬಂತು. ಹುಡುಗರೆಲ್ಲ ಒಟ್ಟಾಗಿ ಆಗುವುದಿಲ್ಲ ಎಂದರು. ಬೌಲೂ ಇಲ್ಲ, ಟ್ರೋಫಿಯೂ ಇಲ್ಲ. ಆ ಋತು ಮುಗಿದ ಮೇಲೆ ಕಾಲೇಜು ತಂಡವನ್ನೇ ನಿಲ್ಲಿಸಿಬಿಟ್ಟಿತು.

"ನನ್ನ ಅಪ್ಪ ಸಾಯುವ ತನಕ ಅವರನ್ನೇ ಚಾಂಪಿಯನ್ನರು ಅನ್ನುತ್ತಿದ್ದ. ಯಾರೂ ಅವನ ಓಟು ಕೇಳಿರಲಿಲ್ಲ. ಅವನೇ ಹಾಕಿದ" ಎಂದಳು ಡೋರಿಸ್.

ನಾನು ಬೇಲಿ ಹಿಡಿದು ನಿಂತೇ ಇದ್ದೆ. ಉಡುಪಿಯಲ್ಲಿ ನಮ್ಮ ಥ್ರೋಬಾಲ್ ತಂಡವೂ ಒಂದು ವರ್ಷ ಸೋಲಲಿಲ್ಲ. ಸುತ್ತಲಿನ ಕಾಲೇಜುಗಳನ್ನೆಲ್ಲ ಸೋಲಿಸಿ, ಯೂನಿವರ್ಸಿಟಿ ಆಟಕ್ಕೆ ಹೊರಡಲು ಚೀಲ ಕಟ್ಟಿದ್ದೆವು. ಜೊತೆಗೆ ಬರಲು ಲೇಡಿ ಲೆಕ್ಚರರು ಸಿಗಲಿಲ್ಲ, ಹುಡುಗಿಯರನ್ನು ಹಾಗೆಲ್ಲ ಕಳಿಸಲು ಆಗುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು. ನಾವು "ಸರಿ ಸರ್" ಎಂದು ಚೀಲ ಬಿಚ್ಚಿದೆವು. ಹುಡುಗರ ಕಬಡ್ಡಿ ತಂಡ ಅದೇ ವಾರ ಬಸ್ಸು ಹತ್ತಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಸದಾನಂದರಿಗೂ. ಅಂದು ಡೋರಿಸಳಿಗೆ ಹೇಳಿದೆ. ಅವಳು ಬೇಲಿಯ ಮೇಲಿಂದ ಒಂದು ಹಣ್ಣು ಕೊಟ್ಟು, "ಹಾಗಾದರೆ ನೀನು ಕೂಡ ಚಾಂಪಿಯನ್" ಎಂದಳು. ಇಷ್ಟು ವರ್ಷ ಎದೆಯಲ್ಲಿ ಕುಳಿತಿದ್ದ ಏನೋ ಒಂದು ಅಲ್ಲಾಡಿತು.

ನವೆಂಬರಿನ ಕೊನೆಗೆ ಮಳೆ ಬಂತು. ಗುಡ್ಡಗಳ ಮೇಲೆ ಹಸಿರು ಕಾಣಿಸಿಕೊಂಡಿತು. ತಂಡ ಐದು ಗೆದ್ದು, ಆರು ಸೋತು, ಕೊನೆಯ ಆಟಕ್ಕೆ ಬಂದು ನಿಂತಿತ್ತು. ಗೆದ್ದರೆ ಬೌಲ್, ಸೋತರೆ ಮನೆ. ನಾನು ಮತ್ತು ಡೋರಿಸ್ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಗ್ಯಾಲರಿಯಲ್ಲಿ ಕುಳಿತಿದ್ದೆವು. ಆಟ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ನಮ್ಮವರು ಎರಡು ಪಾಯಿಂಟು ಹಿಂದಿದ್ದರು. ಕಂಬಗಳ ನಡುವೆ ಒದ್ದರೆ ಮೂರು ಪಾಯಿಂಟು, ಗೆಲುವು. ನಿಹಾಲ್ ಓಡಿ ಬಂದು ಬಗ್ಗಿದ. ನಾನು ಅರಿವಿಲ್ಲದೆ ಎರಡೂ ಕೈ ಎದೆಯ ಮುಂದೆ ಹಿಡಿದಿದ್ದೆ. ಚೆಂಡು ಅವನ ಕೈಬಿಟ್ಟಾಗಲೇ ನನಗೆ ತಿಳಿಯಿತು. ಹಿಡಿಯಲು ಮಂಡಿಯೂರಿದ್ದ ಹುಡುಗನ ತಲೆಯ ಮೇಲಿಂದ ಹಾರಿ, ಒದ್ದೆ ಹುಲ್ಲಿನಲ್ಲಿ ಪುಟಿದು ದೂರ ಹೋಯಿತು. ಎದುರಾಳಿ ಅದರ ಮೇಲೆ ಬಿದ್ದ. ಅಲ್ಲಿಗೆ ಮುಗಿಯಿತು.

ಮುಂದಿನ ವಾರ ನನ್ನ ಮಗನಿಗೆ ಹೆಸರು ಬಂತು. ಅವನು ಬಗ್ಗಿದ್ದು, ಚೆಂಡು ಹಾರಿದ್ದು, ಅವನು ತಿರುಗಿ ನೋಡಿದ್ದು, ಎಲ್ಲವನ್ನೂ ಕತ್ತರಿಸಿ ಹಾಡು ಸೇರಿಸಿ ಯಾರು ಯಾರೋ ಹಂಚಿದರು. ನಮ್ಮ ಕೂಟದ ವಾಟ್ಸಾಪ್ ಗ್ರೂಪಿಗೂ ಬಂತು, ಪಾಪ, ಕಳಿಸಿದವರಿಗೆ ಅದು ಯಾರ ಮಗನೆಂದು ಗೊತ್ತಿರಲಿಲ್ಲ. ನಿಹಾಲ್ ಮನೆಗೆ ಬಂದವನು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ದೋಸೆ ಬೇಡ ಎಂದ. ಚೆಂಡು ಹಿತ್ತಿಲಿನ ಹುಲ್ಲಿನಲ್ಲೇ ನೆನೆಯುತ್ತ ಬಿದ್ದಿತ್ತು. ಸದಾನಂದರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮುಗಿಯಿತಲ್ಲ, ಇನ್ನಾದ್ರೂ ಓದ್ಲಿ" ಎಂದು ನನ್ನ ಹತ್ತಿರ ಮಾತ್ರ ಹೇಳಿದರು. ನನಗೆ ಆ 'ಮುಗಿಯಿತು' ಎನ್ನುವ ಮಾತೇ ಆಗಲಿಲ್ಲ.

ಆಮೇಲೆ ನಡೆದದ್ದನ್ನು ಈ ಆಟದ ಚರಿತ್ರೆ ತಿಳಿಯದವರು ನಂಬುವುದಿಲ್ಲ. ಆರು ಗೆದ್ದ ತಂಡಗಳು ಆ ವರ್ಷ ಎಲ್ಲ ಬೌಲುಗಳಿಗೂ ಸಾಲಲಿಲ್ಲ. ಹಾಗೆ ಜಾಗ ಉಳಿದರೆ ಐದು ಗೆದ್ದವರನ್ನು ಕರೆಯುತ್ತಾರೆ. ಯಾರನ್ನು? ಯಾವ ತಂಡದ ಹುಡುಗರು ಓದಿನಲ್ಲಿ ಮುಂದಿದ್ದಾರೋ ಅವರನ್ನು. ನಿಹಾಲನ ತಂಡಕ್ಕೆ ಕರೆ ಬಂತು.

ಸುದ್ದಿ ಹೇಳಿದ ನಿಹಾಲನ ಮುಖದಲ್ಲಿ ಸಂತೋಷ ಇರಲಿಲ್ಲ. ಗೋಡೆ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದ, ತಂಡ ಹೋಗುತ್ತದೆ, ತಾನು ಆಡುವುದಿಲ್ಲ, ಮೊದಲ ವರ್ಷದ ಹುಡುಗನೊಬ್ಬ ಇದ್ದಾನೆ, ಅವನು ಹಾಕಲಿ ಎಂದು ಕೋಚಿಗೆ ಹೇಳಿಬಿಡುತ್ತೇನೆ, ಎಂದು. ಅವನು ಹಾಗೆ ಮಾಡಿದರೆ, ಇಷ್ಟು ವರ್ಷಗಳ ಆಟದಲ್ಲಿ ಅವನು ಹಾಕಿದ ಕೊನೆಯ ಚೆಂಡು ಆ ತಪ್ಪಿದ ಚೆಂಡೇ ಆಗಿ ಉಳಿಯುತ್ತದೆ. ಸಾಯುವ ತನಕ ಅದು ಅವನ ತಲೆಯ ಮೇಲಿಂದ ಹಾರುತ್ತಲೇ ಇರುತ್ತದೆ. ನನಗೆ ಅದನ್ನು ಒಪ್ಪಿಕೊಳ್ಳಲು ಸಾಧ್ಯವಿರಲಿಲ್ಲ.

ಅಷ್ಟರಲ್ಲಿ ಪಾಟೀಲರ ಫೋನು. ಸದಾನಂದರು ಎದುರಿಗೇ ಕುಳಿತು ಚಹಾ ಕುಡಿಯುತ್ತಿದ್ದರು, ಸ್ಪೀಕರಿಗೆ ಹಾಕಿದೆ.

"ಅಕ್ಕಾರ, ಕಂಗ್ರ್ಯಾಚುಲೇಷನ್ಸ್! ಟೀಮು ಓದಿನ ಮ್ಯಾಲೆ ಬೌಲಿಗೆ ಹೋತಂತಲ್ರೀ! ಇದಕ್ಕ ಪ್ರಶಸ್ತಿ ಕೊಡಲಿಲ್ಲಂದ್ರ ಮತ್ತ್ಯಾತಕ್ಕ ಕೊಡಬೇಕ್ರಿ? ಕಮಿಟ್ಯಾಗ ಎಲ್ಲಾರೂ ಹೂಂ ಅಂದಾರ. ರಾಜ್ಯೋತ್ಸವದ ದಿನ ಕರಕೊಂಡ ಬರ್ರಿ."

ಸದಾನಂದರ ಮುಖ ಅರಳಿತು. ನಾನು ದಿನ ಯಾವುದೆಂದು ಕೇಳಿದೆ. ಬೌಲ್ ಆಟದ ಶನಿವಾರವೇ ಆಗಿತ್ತು.

"ಆವತ್ತು ಅವನಿಗೆ ಆಟ ಉಂಟಲ್ಲ ಪಾಟೀಲರೇ."

"ಅಂವಾ ಎಲ್ಲಿ ಆಡ್ತಾನ್ರೀ ಇನ್ನ, ಅಷ್ಟೆಲ್ಲಾ ಆದ ಮ್ಯಾಲೆ? ಇಲ್ಲಿಗೆ ಬರ್ಲಿ. ಸ್ಟೇಜ್ ಮ್ಯಾಲೆ ಆ ಆಟದ ಹೆಸರ ಎತ್ತೂದ ಬ್ಯಾಡ, ಹುಡುಗಗ ಮುಜುಗರ. ಓದಿನ ಸಲುವಾಗಿ ಕೊಟ್ಟಂಗ ಇರ್ಲಿ. ಕಂಪ್ಯೂಟರ್ ಎಂಜಿನಿಯರಿಂಗ್, ಒಳ್ಳೇ ಮಾರ್ಕ್ಸು, ಸಾಕು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದು ನನಗೆ ಗೊತ್ತಿತ್ತು. ಆದರೂ ಬೇಲಿಯ ಬದಿಯಲ್ಲಿ ಡೋರಿಸ್ ಹೇಳಿದ ಆ ಇಬ್ಬರು ಕಣ್ಣ ಮುಂದೆ ಬಂದರು. ಅವರ ಕಷ್ಟ ಎಲ್ಲಿ, ನಮ್ಮದು ಎಲ್ಲಿ. ಅಳತೆ ಬೇರೆ, ಆದರೆ ಮನೆಯಲ್ಲಿ ಬಿಟ್ಟು ಬನ್ನಿ ಎನ್ನುವ ಮಾತು ಅದೇ.

"ಪಾಟೀಲರೇ, ಅರ್ಧ ಮಗನನ್ನು ಮನೆಯಲ್ಲಿ ಬಿಟ್ಟು ಅರ್ಧ ಮಗನನ್ನು ಸ್ಟೇಜಿಗೆ ಕರ್ಕೊಂಡು ಬರ್ಲಿಕ್ಕೆ ನನ್ನಿಂದ ಆಗೂದಿಲ್ಲ. ಆ ಶಾಲು ಬೇರೆ ಯಾರಿಗಾದ್ರೂ ಹಾಕಿ."

"ಸಿಟ್ಟಾಗಬ್ಯಾಡ್ರೀ ಅಕ್ಕಾರ..."

"ಸಿಟ್ಟು ಬಂದುಂಟು. ನಿಮ್ಮೊಬ್ಬರ ಮೇಲೇ ಅಲ್ಲ. ಇಡ್ತೇನೆ."

ಉಡುಪಿಯಲ್ಲಿ ಅಂದು ಹೇಳಬೇಕಾಗಿದ್ದದ್ದು ಇಂದು ಬಾಯಿಂದ ಬಂದಿತ್ತು. ಸದಾನಂದರು ಚಹಾ ಕೆಳಗಿಟ್ಟು, "ನಿನಗೆ ಎಂತ ಆಗಿದೆ?" ಎಂದರು. ಆಗ ಅವರಿಗೂ ಥ್ರೋಬಾಲಿನ ಕತೆ ಹೇಳಿದೆ. ಕೇಳಿದ ಮೇಲೆ ಅವರು ಲೋಟ ಎತ್ತಿಕೊಂಡು ಹೋಗಿ ತಾವೇ ತೊಳೆದಿಟ್ಟರು.

ಮರುದಿನ ಭಾನುವಾರ. ಸಣ್ಣ ಮಳೆ ಹಿಡಿದುಕೊಂಡಿತ್ತು. ನಾನು ಹಳೆಯ ಚೂಡಿದಾರದ ಮೇಲೆ ಮಗನ ಮಳೆಕೋಟು ಹಾಕಿ ಹಿತ್ತಿಲಿಗೆ ಇಳಿದೆ. ಚೆಂಡನ್ನು ಅವನು ಬಗ್ಗುವ ಜಾಗದಲ್ಲಿಟ್ಟು, ನನ್ನ ಜಾಗಕ್ಕೆ ಹೋಗಿ ಕೈ ಮುಂದೆ ಹಿಡಿದು ನಿಂತೆ. ಅವನ ಕಿಟಕಿ ಅಲ್ಲಿಗೇ ತೆರೆಯುತ್ತದೆ. ಕರೆಯಲಿಲ್ಲ. ನಿಂತೆ. ಕೂದಲಿಂದ ನೀರು ಕತ್ತಿಗೆ ಇಳಿಯಿತು. ಸದಾನಂದರು ಛತ್ರಿ ಹಿಡಿದು ಓಡಿ ಬಂದರು.

"ಹುಚ್ಚು ಹಿಡಿದಿದ್ಯಾ ಮಾರಾಯ್ತಿ?"

"ಹಿಡಿದುಂಟು. ನಿಲ್ಲುವುದಾದ್ರೆ ನಿಲ್ಲಿ, ಇಲ್ಲಾಂದ್ರೆ ಒಳಗೆ ಹೋಗಿ."

ಅವರು ಒಳಗೆ ಹೋಗಲಿಲ್ಲ. ಬೇಲಿಯಾಚೆಯಿಂದ ಡೋರಿಸಳ ತಲೆ ಕಾಣಿಸಿತು. ಬಹಳ ಹೊತ್ತಿನ ಮೇಲೆ ಬಾಗಿಲು ಸರಿಯಿತು.

"ಅಮ್ಮಾ, ಗೋ ಇನ್. ಯು ವಿಲ್ ಗೆಟ್ ಸಿಕ್."

"ಬಲಾ ಮಗಾ," ಎಂದೆ, ಮನೆಯ ತುಳುವಿನಲ್ಲಿ. ಅವನು ಮಗುವಾಗಿದ್ದಾಗ ಹಾಗೆಯೇ ಕರೆಯುತ್ತಿದ್ದೆ. "ಬಾ. ಹಾಕು."

"ಬಾಲ್ ಒದ್ದೆ ಇದೆ ಅಮ್ಮಾ."

"ಅವತ್ತೂ ಒದ್ದೆಯೇ ಇತ್ತು. ಹಾಕು."

ಬರಿಗಾಲಿನಲ್ಲಿ ಬಂದು ಬಗ್ಗಿದ. ಚೆಂಡು ಬಂತು, ನನ್ನ ತಲೆಯ ಮೇಲಿಂದ ಹಾರಿ ಬೇಲಿಗೆ ಬಡಿಯಿತು. ಅವನು ಹಾಗೆಯೇ ಬಗ್ಗಿದವನು ತಲೆ ಎತ್ತಲಿಲ್ಲ. ಬೆನ್ನು ಅಲ್ಲಾಡುತ್ತಿತ್ತು, ಅಳುತ್ತಿದ್ದ. ನಾನು ಹೋಗಿ ಚೆಂಡು ತಂದು, ಸೆರಗಿಲ್ಲದ್ದಕ್ಕೆ ದುಪಟ್ಟಾದಿಂದ ಒರೆಸಿ, ಅವನ ಮುಂದಿಟ್ಟೆ.

"ನೀನು ಮುಗಿದೆ ಅಂತ ಓಟು ಹಾಕಿದವರು ಯಾರೂ ಈ ಹಿತ್ತಿಲಲ್ಲಿ ಇಲ್ಲ. ಇಲ್ಲಿ ನನ್ನದೊಂದೇ ಓಟು. ಹಾಕು."

ಸದಾನಂದರು ಮೆಲ್ಲಗೆ ಬಂದು ಛತ್ರಿಯನ್ನು ಅವನ ಮೇಲೆ ಹಿಡಿದರು. ಚೆಂಡು ಒಣಗಿರಲಿ ಎಂದೋ, ಮಗ ಒಣಗಿರಲಿ ಎಂದೋ, ಕೇಳಲು ಹೋಗಲಿಲ್ಲ. ಎರಡನೆಯ ಚೆಂಡು ಸುಂಯ್ ಎಂದು ನೇರ ನನ್ನ ಕೈಗೆ ಬಂತು. ಹೆಬ್ಬೆರಳು ಚುರ್ ಎಂದಿತು. ಅಷ್ಟು ಹಿತವಾದ ನೋವನ್ನು ನಾನು ಅನುಭವಿಸಿಲ್ಲ.

ಬೌಲ್ ಆಟ ದಕ್ಷಿಣದ ಒಂದು ಒಣ ಊರಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ. ಗ್ಯಾಲರಿ ಅರ್ಧ ಖಾಲಿ. ಸದಾನಂದರು ಮೊದಲ ಸಲ ಮಗನ ಆಟಕ್ಕೆ ಬಂದಿದ್ದರು, ಮೈದಾನ ನೋಡಿ "ನಮ್ಮವರು ಯಾವ ಬಣ್ಣ?" ಎಂದು ಕೇಳಿದರು. ಡೋರಿಸ್ ಕುಶನ್ ಹಾಕಿ ಕುಳಿತು ಅವರಿಗೆ ಪಾಠ ಶುರು ಮಾಡಿದಳು. ನಿಹಾಲ್ ಹಾಕಿದ ಮೊದಲ ಚೆಂಡು ಸರಿಯಾಗಿ ಹೋಯಿತು. ಆಮೇಲಿನದೂ, ಅದರ ಆಮೇಲಿನದೂ. ಉಳಿದವರ ಆಟ ಅಷ್ಟು ಸರಿ ಇರಲಿಲ್ಲ. ನಾವು ಸೋತೆವು, ಚೆನ್ನಾಗಿಯೇ ಸೋತೆವು. ಮುಗಿಯುವ ಹೊತ್ತಿಗೆ ಗೆಲ್ಲುವ ಆಸೆ ಯಾರಿಗೂ ಉಳಿದಿರಲಿಲ್ಲ. ಆಗ ಕೋಚು, ಯಾವ ಲಾಭವೂ ಇಲ್ಲದ ಆ ಹೊತ್ತಿನಲ್ಲಿ, ಕಂಬಗಳ ನಡುವೆ ಒದೆಯಲು ಹುಡುಗರನ್ನು ಕಳಿಸಿದರು. ಸುತ್ತಲಿನವರಿಗೆ ಯಾಕೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಆ ಕೋಚಿಗೆ ಈಗಲೂ ಪ್ರತಿ ದೀಪಾವಳಿಗೆ ಚಕ್ಕುಲಿ ಕಳಿಸುತ್ತೇನೆ.

ನಿಹಾಲ್ ಬಗ್ಗಿದ. ನಾನು ಎದ್ದು ನಿಂತು ಕೈ ಮುಂದೆ ಹಿಡಿದೆ. ಪಕ್ಕಕ್ಕೆ ನೋಡಿದರೆ ಸದಾನಂದರ ಕೈಗಳೂ ಹಾಗೆಯೇ ನಿಂತಿದ್ದವು. ಚೆಂಡು ಹೋಯಿತು, ಹಿಡಿದರು, ಇಟ್ಟರು, ಒದ್ದರು, ಕಂಬಗಳ ನಡುವೆ ದಾಟಿತು. ಮೈಕಿನವನು ಒದ್ದವನ ಹೆಸರು ಹೇಳಿದ. ಸ್ನ್ಯಾಪರಿನ ಹೆಸರು ಯಾರೂ ಹೇಳಲಿಲ್ಲ, ಆ ಮಧ್ಯಾಹ್ನವಿಡೀ ಒಮ್ಮೆಯೂ ಹೇಳಲಿಲ್ಲ. ನಾನು ಗಂಟಲು ಹರಿಯುವ ಹಾಗೆ "ನಿಹಾಲ್!" ಎಂದು ಕೂಗಿದೆ. ಅವನು ಎದುರಾಳಿಗಳ ಅಡಿಯಿಂದ ಎದ್ದು, ಹೆಲ್ಮೆಟ್ಟು ತೆಗೆದು, ಗ್ಯಾಲರಿಯ ಕಡೆಗೆ ಎರಡೂ ಕೈ ಎದೆಯ ಮುಂದೆ ಹಿಡಿದು ತೋರಿಸಿದ.

ಊರಿಗೆ ಬಂದ ಮೇಲೆ ಪೇಂಟಿನ ಡಬ್ಬ ತಂದು ಗರಾಜಿನ ಗೋಡೆಯ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆದೆ. ಮೇಲೆ 'ಚಾಂಪಿಯನ್ನರು'. ಅದರ ಕೆಳಗೆ ಉಡುಪಿಯ ಥ್ರೋಬಾಲ್ ತಂಡದ ಹುಡುಗಿಯರು, ನಮ್ಮ ವರ್ಷ. ಅದರ ಕೆಳಗೆ ನಿಹಾಲ್ ಮತ್ತು ತಂಡ, ಅವನ ವರ್ಷ. ಡೋರಿಸ್ ಬಂದು ನೋಡಿ, ತನ್ನ ಅಪ್ಪನ ಹುಡುಗರಿಗೂ ಒಂದು ಸಾಲು ಬೇಕೆಂದು ಹಟ ಹಿಡಿದಳು. ಅದನ್ನು ಎಲ್ಲಕ್ಕಿಂತ ಮೇಲೆ ಬರೆದೆ.

ಮೊನ್ನೆ ಕೊನೆಗೆ ಗೂಡುದೀಪವೂ ಸಿಕ್ಕಿತು. ಹಬ್ಬದ ಸಂಜೆ ಊಟಕ್ಕೆ ಪಾಟೀಲರು ಬಂದರು, ನಮ್ಮ ಜಗಳ ಆ ಆಟದ ಮರುವರ್ಷದ ಯುಗಾದಿಯ ಹೋಳಿಗೆಗೇ ಮುಗಿದಿತ್ತು. ಈಗ ಸರಟೋಗಾದಲ್ಲಿ ಅವರ ಮೊಮ್ಮಗಳೂ ಅದೇನೋ ಚೆಂಡಾಟ ಆಡುತ್ತಾಳಂತೆ. ತೆರೆದಿದ್ದ ಗರಾಜಿನಿಂದಲೇ ಒಳಗೆ ಬಂದವರು ಗೋಡೆಯ ಮುಂದೆ ನಿಂತು, ಕನ್ನಡಕ ಏರಿಸಿ, ಸಾಲು ಸಾಲಾಗಿ ಓದಿದರು.

"ಏನ್ರೀ ಅಕ್ಕಾರ ಇದು? ಯಾರ್ ಕೊಟ್ಟರ್ರೀ ಈ ಚಾಂಪಿಯನ್‌ಶಿಪ್ಪ?"

ನಾನು ಬಾಯಿ ತೆರೆಯುವ ಮೊದಲೇ, ಏಣಿಯ ಮೇಲೆ ನಿಂತು ಗೂಡುದೀಪ ಕಟ್ಟುತ್ತಿದ್ದ ಸದಾನಂದರು ತಿರುಗಿಯೂ ನೋಡದೆ ಹೇಳಿದರು:

"ಯಾರೂ ಕೊಟ್ಟದ್ದಲ್ಲ ಮಾರಾಯ್ರೆ. ನಾವೇ ತಗೊಂಡದ್ದು."